ದಿನಾ ನೀರಿಗೆ ಬಿದ್ದವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದ ಅವಳನ್ನು ಎಲ್ಲರೂ ಬಸ್ಸಕ್ಕ ಎಂದೇ ಕರೆಯುತ್ತಿದ್ದರು. ಬಸ್ಸಿಗೂ ಅವಳಿಗೂ ಇದ್ದದ್ದು ಹಾವು ಮುಂಗುಸಿ ಸಂಬಂಧ. ಬೆಳಗಿನ ಬಸ್ಸು ಅವಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವವರೆಗೂ ಕಾದಿದ್ದು, ಕಂಡ ಕೂಡಲೇ ಹೊರಟುಬಿಡುತ್ತಿತ್ತು. ಅವಳು ಹಿಂದೆ ಓಡುತ್ತಿದ್ದಳು. ನಾಲ್ಕು ವರ್ಷ ಹೀಗೆ ಓಡಿ, ಐದನೆಯ ವರ್ಷದ ಒಂದು ಬೆಳಿಗ್ಗೆ ಬಸ್ಸನ್ನೇ ಹಿಂದೆ ಹಾಕಿ ಮುಂದಿನ ನಿಲ್ದಾಣದಲ್ಲಿ ಹೋಗಿ ನಿಂತಳು. ಡ್ರೈವರು ಬಾಗಿಲು ತೆಗೆದು, "ಹತ್ತಿ ಅಕ್ಕಾ" ಅಂದ. ಅವಳು ಒಂದು ಗಳಿಗೆ ಯೋಚಿಸಿ, "ಬೇಡ ಬಿಡಪ್ಪ, ನನಗೆ ಹೊತ್ತಾಗುತ್ತೆ" ಎಂದು ಓಡಿಕೊಂಡೇ ಹೋದಳು.

ಆಗ ಅವಳಿಗೆ ಮೂವತ್ತನಾಲ್ಕು. ಅಲ್ಲಿಂದ ಏಳು ವರ್ಷ ಅವಳು ಓಟವನ್ನು ಬಿಡಲಿಲ್ಲ. ಗಂಡ ಗಡಿಯಾರ ರಿಪೇರಿ ಮಾಡುವವನು. ಹೆಂಡತಿ ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟಿದಳು ಎಂದು ನೋಡಲು ಅವಳ ಕೈಗೆ ಎರಡು ವಾಚು ಕಟ್ಟಿದ್ದ. ಎರಡರ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ. ಅತ್ತೆಗೆ ಓಟದ ಮೇಲೇ ನಂಬಿಕೆ ಇರಲಿಲ್ಲ. "ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ, ಇವಳು ಓಡ್ತಾಳೆ" ಎಂದು ಅಕ್ಕಪಕ್ಕದವರ ಹತ್ತಿರ ಹೇಳುತ್ತಿದ್ದರು. ಆದರೆ ಸೊಸೆ ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಡುವುದನ್ನು ಮರೆಯುತ್ತಿರಲಿಲ್ಲ.

ಊರಿನ ಕಚೇರಿ, ಕಾರ್ಖಾನೆಗಳ ನೌಕರರಿಗೆಲ್ಲ ವರ್ಷಕ್ಕೊಮ್ಮೆ ಹತ್ತು ಕಿಲೋಮೀಟರ್ ಓಟ ನಡೆಯುತ್ತಿತ್ತು. ಹಿಂದಿನ ವರ್ಷ ಹೆಂಗಸರಲ್ಲಿ ಬಸ್ಸಕ್ಕ ನಾಲ್ಕನೆಯವಳಾಗಿ ಬಂದಿದ್ದಳು. ನಾಲ್ಕನೆಯವರಿಗೆ ಚಪ್ಪಾಳೆ ಮಾತ್ರ, ಅದೂ ಮೂರನೆಯವರಿಗೆ ಹೊಡೆದು ಉಳಿದದ್ದು. ಈ ಸಲ ಬಿಡಬಾರದು ಎಂದು ಅವಳು ದಿನಕ್ಕೆ ಐದು ಕಿಲೋಮೀಟರ್ ಓಡುತ್ತಿದ್ದವಳು ಒಮ್ಮೆಲೇ ಹತ್ತು ಓಡತೊಡಗಿದಳು. ಬೂಟು ಮಾತ್ರ ಮೂರು ವರ್ಷದ ಹಳೆಯದು, ಅಡಿ ಸವೆದು ಹಪ್ಪಳವಾಗಿತ್ತು.

ಎರಡು ವಾರಕ್ಕೆ ಎಡಗಾಲು ಮಾತಾಡಿತು. ಮೊಣಕಾಲಿಗೂ ಪಾದಕ್ಕೂ ನಡುವೆ, ಎಲುಬಿನ ಒಳಅಂಚಿನುದ್ದಕ್ಕೂ ನೋವು. ಮೊದಮೊದಲು ಓಟ ಶುರುವಾದಾಗ ಬಂದು ಮೈ ಬಿಸಿಯಾದ ಮೇಲೆ ಹೋಗುತ್ತಿತ್ತು. ಆಮೇಲೆ ಹೋಗುವುದನ್ನು ನಿಲ್ಲಿಸಿತು. ಕಡೆಗೆ ಸಿಮೆಂಟು ನೆಲದ ಮೇಲೆ ನಿಂತು ಹಾಸಿಗೆ ಬಟ್ಟೆ ಮಡಚುವಾಗಲೂ ಹಲ್ಲುನೋವಿನ ಹಾಗೆ ಮಿಡಿಯತೊಡಗಿತು. ಅತ್ತೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ನೋವು ಶಾಖವನ್ನು ಉಂಡು ಇನ್ನಷ್ಟು ಬಲಿಯಿತು.

"ಕಾಲು ಬೇಡ ಬೇಡ ಅಂತಿದೆ, ನಿನಗೆ ಕೇಳಿಸ್ತಿಲ್ಲ" ಅಂದರು ಅತ್ತೆ. "ಎಲ್ಲರೂ ಕಷ್ಟ ಬಂದಾಗ ಕಾಲಿಗೆ ಬುದ್ಧಿ ಹೇಳ್ತಾರೆ. ನಿನಗೆ ಮಾತ್ರ ಕಾಲೇ ಬುದ್ಧಿ ಹೇಳ್ತಿದೆ."

ಆಸ್ಪತ್ರೆಯ ಮೂಳೆ ಡಾಕ್ಟರು ಒಗೆದ ತಮ್ಮ ಬಿಳಿ ಕೋಟು ತೆಗೆದುಕೊಂಡು ಹೋಗಲು ಅವಳ ವಿಭಾಗಕ್ಕೆ ತಾವೇ ಬರುತ್ತಿದ್ದರು. ಬೇರೆಯವರ ಕೋಟು ಬಂದೀತೆಂಬ ಭಯ. ಬಸ್ಸಕ್ಕ ಕುಂಟುವುದನ್ನು ನೋಡಿ ಅವಳನ್ನು ಒಗೆದ ಪರದೆಗಳ ಗಂಟಿನ ಮೇಲೆ ಕೂರಿಸಿ, ಎಲುಬಿನ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. ಅವಳು ಹಲ್ಲು ಕಚ್ಚಿಕೊಂಡಳು. ಎಕ್ಸ್‌ರೇ ತೆಗೆಸಿದರು. ಬಿರುಕು ಇರಲಿಲ್ಲ.

"ಇದಕ್ಕೆ ಶಿನ್ ಸ್ಪ್ಲಿಂಟ್ ಅಂತಾರೆ. ಎಲುಬಿನ ಮೇಲಿನ ಪೊರೆಗೆ ಪೆಟ್ಟು ಬಿದ್ದೂ ಬಿದ್ದೂ ಕೆರಳಿದೆ. ಓಡೋದು ನಿಲ್ಲಿಸಬೇಕಮ್ಮ."

"ಎಷ್ಟು ಹೊತ್ತು ಸಾರ್?"

"ಆರು ವಾರ."

ಅವಳ ಮುಖ ನೋಡಿ ಡಾಕ್ಟರಿಗೇ ಒಂಥರಾ ಆಯಿತು. ದಿನಕ್ಕೆ ಮೂರು ಸಲ ಹದಿನೈದು ನಿಮಿಷ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ಮಡಚುವ ಮೇಜು ಹಿಡಿದು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಿ, ಆ ಬೂಟನ್ನು ದಯವಿಟ್ಟು ಎಸೆಯಿರಿ ಎಂದು ಹೇಳಿ, ಹೋಗುವಾಗ ಬಾಗಿಲಲ್ಲಿ ನಿಂತರು. "ಒಂದು ವಾರ ಪೂರ್ತಿ ಸುಮ್ಮನಿರಿ. ಆಮೇಲೆ ಓಡಲೇಬೇಕು ಅನ್ನಿಸಿದರೆ ನೀರಲ್ಲಿ ಓಡಿ. ಸೊಂಟಕ್ಕೆ ತೇಲುವ ಬೆಲ್ಟು ಕಟ್ಟಿಕೊಂಡು, ಆಳದಲ್ಲಿ, ಕಾಲು ನೆಲಕ್ಕೆ ತಾಗದ ಹಾಗೆ. ಉಸಿರು ಕೆಡಲ್ಲ, ಎಲುಬಿಗೆ ಪೆಟ್ಟೂ ಬೀಳಲ್ಲ."

ಊರಿನಲ್ಲಿದ್ದದ್ದು ಒಂದೇ ಈಜುಕೊಳ, ನಗರಸಭೆಯದು. ಅದನ್ನು ನೋಡಿಕೊಳ್ಳುತ್ತಿದ್ದವನು ಕೊರಳಲ್ಲಿ ಸೀಟಿ ಹಾಕಿಕೊಂಡ ಐವತ್ತರ ಮೇಲ್ವಿಚಾರಕ. ಒಂಬತ್ತು ವರ್ಷದ ಸೇವೆಯಲ್ಲಿ ಒಂದೂ ಸುಳ್ಳು ಬರೆದವನಲ್ಲ ಎಂಬುದು ಅವನ ಹೆಮ್ಮೆ. ಎಂಟನೆಯ ದಿನ ಬಸ್ಸಕ್ಕ ಬೆಲ್ಟು ಕಟ್ಟಿಕೊಂಡು ನೀರಿಗಿಳಿದು ಹತ್ತು ಹೆಜ್ಜೆ ಹಾಕಿದ್ದಳೋ ಇಲ್ಲವೋ, ಸೀಟಿ ಕೇಳಿಸಿತು.

"ಏನು ಮಾಡ್ತಿದ್ದೀರಿ ಮೇಡಂ? ಈಜ್ತಿದ್ದೀರಾ?"

"ಇಲ್ಲ."

"ಮುಳುಗ್ತಿದ್ದೀರಾ?"

"ಇಲ್ಲ. ಓಡ್ತಿದ್ದೀನಿ."

ಮೇಲ್ವಿಚಾರಕ ಗೋಡೆಯ ಕಡೆ ಬೆರಳು ತೋರಿಸಿದ. ಅಲ್ಲಿ ನಿಯಮಗಳ ಫಲಕವಿತ್ತು. ನಾಲ್ಕನೆಯದು: ಇಲ್ಲಿ ಓಡಕೂಡದು.

"ಅದು ದಡದ ಮೇಲೆ ಅಂತ ಅಲ್ವಾ?"

"'ಇಲ್ಲಿ' ಅಂತ ಬರೆದಿದೆ. ಎಲ್ಲಿ ಅಂತ ಬರೆದಿಲ್ಲ."

ಈಜುವವಳು ಎಂದು ಬರೆದುಕೊಳ್ಳಿ ಎಂದಳು. ಹಾಗಾದರೆ ಈ ಕೊನೆಯಿಂದ ಆ ಕೊನೆಗೆ ಒಮ್ಮೆ ಈಜಿ ತೋರಿಸಬೇಕು, ಅದು ಎರಡನೆಯ ನಿಯಮ. ಅವಳಿಗೆ ಈಜು ಬರುತ್ತಿರಲಿಲ್ಲ. ಅವನ ದಪ್ಪ ಪುಸ್ತಕದಲ್ಲಿ ಇದ್ದವರು ಎರಡೇ ಜಾತಿ: ಈಜುವವರು, ನೋಡುವವರು. ನೋಡುವವರು ನೀರಿಗೆ ಇಳಿಯಕೂಡದು, ಅದು ಏಳನೆಯ ನಿಯಮ. ಬಸ್ಸಕ್ಕ ಡಾಕ್ಟರ ಚೀಟಿ ತೋರಿಸಿದಳು. ಅವನು ಎರಡು ಸಲ ಓದಿ, ನಿಜಕ್ಕೂ ಮರುಗಿ, ಪುಸ್ತಕವನ್ನು ಹಿಂದುಮುಂದು ತಿರುವಿದ. ಕೊನೆಯಲ್ಲಿ ಒಂದಿಷ್ಟು ಖಾಲಿ ಹಾಳೆ ಸಿಕ್ಕಿತು. ಮೇಲೆ 'ಅವಘಡಗಳು' ಎಂದು ಅಚ್ಚಾಗಿತ್ತು.

"ಆಕಸ್ಮಿಕವಾಗಿ ಬಿದ್ದರೆ ಯಾವ ನಿಯಮವೂ ಅಡ್ಡ ಬರಲ್ಲ" ಅಂದ ಅವನು ನಿಧಾನವಾಗಿ. "ಬಿದ್ದವರು ಮೇಲೆ ಬರೋ ತನಕ ಕೈಕಾಲು ಹೇಗೆ ಬೇಕಾದ್ರೂ ಆಡಿಸಬಹುದು. ಎಷ್ಟು ಹೊತ್ತಿಗೆ ಬರಬೇಕು ಅಂತಲೂ ಬರೆದಿಲ್ಲ."

"ಹಾಗಾದ್ರೆ ಬಿದ್ದೆ ಅಂತ ಬರ್ಕೊಳ್ಳಿ."

"ನಾನು ಸುಳ್ಳು ಬರೆಯಲ್ಲ ಮೇಡಂ. ನೀವು ಬೀಳಬೇಕು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಾರನೆಯ ದಿನದಿಂದ ಬಸ್ಸಕ್ಕ ನೋಡುವವಳಾಗಿ ಹೆಸರು ಬರೆಸಿ, ಗಂಡನ ಹಳೆಯ ಅಂಗಿ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿದು, ಕೊಳದ ಅಂಚಿನಲ್ಲಿ ಆಕಾಶ ನೋಡುತ್ತಾ ನಡೆದು ನೀರಿಗೆ ಬೀಳತೊಡಗಿದಳು. ಬಿದ್ದು ನಲವತ್ತು ನಿಮಿಷ ಓಡುತ್ತಿದ್ದಳು. ತೋಳು ಬೀಸಿ, ಮೊಣಕಾಲು ಎತ್ತಿ, ಮುಖ ಕೆಂಪಾಗುವಂತೆ ಓಡಿದರೂ ಒಂದು ಎಮ್ಮೆ ರಸ್ತೆ ದಾಟುವಷ್ಟು ಹೊತ್ತಿನಲ್ಲಿ ನಾಲ್ಕು ಮಾರು ದೂರ ಹೋಗುತ್ತಿದ್ದಳು. ಪಕ್ಕದಲ್ಲಿ ಈಜುತ್ತಿದ್ದ ನಿವೃತ್ತ ಮೇಷ್ಟ್ರು ಅವಳನ್ನು ಹದಿನೆಂಟು ಸಲ ದಾಟಿ, ಪ್ರತಿ ಸಲವೂ "ನಮಸ್ಕಾರ" ಅನ್ನುತ್ತಿದ್ದರು. ಮೇಲ್ವಿಚಾರಕ ಬರೆಯುತ್ತಿದ್ದ: 'ಬೆಳಿಗ್ಗೆ ಆರು ಹತ್ತಕ್ಕೆ ವೀಕ್ಷಕರೊಬ್ಬರು ಆಕಸ್ಮಿಕವಾಗಿ ನೀರಿಗೆ ಬಿದ್ದರು. ಆರು ಐವತ್ತಕ್ಕೆ ಸುರಕ್ಷಿತವಾಗಿ ಮೇಲೆ ಬಂದರು.' ಕೆಳಗೆ ಇಬ್ಬರೂ ಸಹಿ ಹಾಕುತ್ತಿದ್ದರು.

ಅವನು ಬೀಳುವುದರಲ್ಲೂ ಕಟ್ಟುನಿಟ್ಟು. "ಅಕ್ಕಾ, ನಿನ್ನೆ ನೀವು ಬಿದ್ದಿದ್ದು ಸರಿ ಇರ್ಲಿಲ್ಲ. ಹಾರಿದ ಹಾಗಿತ್ತು. ಬೇಕಂತ ಬಿದ್ದ ಹಾಗೆ ಕಾಣಬಾರದು" ಎಂದು ಒಂದು ದಿನ ತಿದ್ದಿದ. ಅವಳು ಅದನ್ನೂ ಕಲಿತಳು. ಹಗಲು ಮಡಚುವ ಮೇಜು ಹಿಡಿದು ಹಿಮ್ಮಡಿ ಎತ್ತುವಳು, ಊಟದ ಬಿಡುವಿನಲ್ಲಿ ಮಂಜುಗಡ್ಡೆ ಇಡುವಳು. ಮೂರನೆಯ ವಾರಕ್ಕೆ ನೋವು ಬೆರಳು ಒತ್ತಿದರೆ ಮಾತ್ರ ಎಚ್ಚರವಾಗುವಷ್ಟಕ್ಕೆ ಇಳಿಯಿತು. ಆದರೂ ನೀರಿನಿಂದ ಮೇಲೆ ಬಂದು, ಬೀದಿಯಲ್ಲಿ ಬೇರೆಯವರು ಓಡುವುದನ್ನು ಕಂಡಾಗ ಅವರು ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡುತ್ತಿದ್ದಳು. ತನ್ನ ಬೀದಿಯನ್ನು ಯಾರೋ ಎತ್ತಿಕೊಂಡು ಹೋದ ಹಾಗೆ.

ತಿಂಗಳ ಕೊನೆಗೆ ಪುಸ್ತಕದ ಪ್ರತಿ ನಗರಸಭೆಯ ಸುರಕ್ಷತಾ ವಿಭಾಗಕ್ಕೆ ಹೋಯಿತು. ಒಂಬತ್ತು ವರ್ಷದಲ್ಲಿ ಒಂದೂ ಅವಘಡವಿಲ್ಲದ ಕೊಳದಲ್ಲಿ ಒಂದೇ ತಿಂಗಳಲ್ಲಿ ಹದಿನೆಂಟು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅವರು. ಮೊದಲು ಅವಳು ಬೀಳುವ ಜಾಗಕ್ಕೆ ರಬ್ಬರ್ ಚಾಪೆ ಹಾಸಿದರು. ಅವಳು ಚಾಪೆಯ ಆಚೆ ಬಿದ್ದಳು. 'ಎಚ್ಚರಿಕೆ, ನೀರಿದೆ' ಎಂದು ಫಲಕ ನೆಟ್ಟರು. ಅವಳು ಫಲಕ ಓದುತ್ತಾ ಬಿದ್ದಳು, ಹಾಗೆಂದೇ ದಾಖಲಾಯಿತು.

ಕಡೆಗೆ ಸುರಕ್ಷತಾಧಿಕಾರಿಯೇ ಕಡತ ಹಿಡಿದು ಅವಳ ಮನೆಗೆ ಬಂದ. ಬಸ್ಸಕ್ಕ ಕೆಲಸಕ್ಕೆ ಹೋಗಿದ್ದಳು. ಅತ್ತೆ ಕುರ್ಚಿ ಹಾಕಿದರು. ಅವನು ದನಿ ತಗ್ಗಿಸಿ ಕೇಳಿದ.

"ಅಮ್ಮ, ನಿಮ್ಮ ಸೊಸೆ ದಿನಾ ನೀರಿಗೆ ಬೀಳ್ತಾರೆ, ಗೊತ್ತಾ?"

"ಸೋಮವಾರ ಬಿಟ್ಟು. ಸೋಮವಾರ ಕೊಳಕ್ಕೆ ರಜಾ."

ಅಧಿಕಾರಿ ಬರೆದುಕೊಂಡ. "ಮನೇಲಿ ಏನಾದ್ರೂ ತೊಂದ್ರೆ ಇದೆಯಾ? ಯಾರಾದ್ರೂ ಏನಾದ್ರೂ ಅಂತಾರಾ?"

"ನಾನು ಅಂತೀನಿ. ಅವಳು ಕೇಳಿಸ್ಕೊಂಡ್ರೆ ತಾನೆ."

"ಅದಕ್ಕೇ ಬೀಳ್ತಾರಾ?"

"ಕಾಲುನೋವಿಗೆ ಬೀಳ್ತಾಳಪ್ಪ. ಡಾಕ್ಟರು ಹೇಳಿದಾರೆ."

ಡಾಕ್ಟರೇ ನೀರಿಗೆ ಬೀಳಲು ಹೇಳಿದ್ದಾರೆ ಎಂಬ ಮಾತಿಗೆ ಕಡತದಲ್ಲಿ ಜಾಗವಿರಲಿಲ್ಲ. ಅಧಿಕಾರಿ ಪೆನ್ನು ಮುಚ್ಚಿ, ಎರಡು ಲೋಟ ನೀರು ಕುಡಿದು ಹೋದ. ಒಂದು ವಾರ ಯಾರೂ ಸುಳಿಯಲಿಲ್ಲ. ಆಮೇಲೆ ಮೇಲ್ವಿಚಾರಕನ ಕೈಗೆ ಒಂದು ಲಕೋಟೆ ಬಂತು. ಒಬ್ಬ ಮಹಿಳೆಯ ಜೀವವನ್ನು ಇಪ್ಪತ್ತಾರು ಸಲ, ಒಂದು ಸಲವೂ ತಪ್ಪದೆ ಉಳಿಸಿದ್ದಕ್ಕಾಗಿ ನಗರಸಭೆ ಅವನನ್ನು ಸನ್ಮಾನಿಸಲು ನಿರ್ಧರಿಸಿತ್ತು.

ಅವನು ಆ ಕಾಗದವನ್ನು ಬಸ್ಸಕ್ಕನ ಮುಂದೆ ಹಿಡಿದು ಅಳುವ ಹಾಗಾದ. "ನಾನು ಉಳಿಸಿದೆ ಅಂತ ಎಲ್ಲೂ ಬರೆದಿಲ್ಲ ಅಕ್ಕಾ. ಮೇಲೆ ಬಂದರು ಅಂತ ಬರೆದಿದ್ದೀನಿ. ನೀವೇ ಓದಿದ್ದೀರಲ್ಲ."

"ಹೋಗ್ಲಿ ಬಿಡಿ, ತಗೊಳ್ಳಿ. ಬೇಡ ಅಂದ್ರೆ ಯಾಕೆ ಬೇಡ ಅಂತ ಇನ್ನೊಂದು ಕಡತ ತೆಗೀತಾರೆ."

ಸನ್ಮಾನದ ದಿನ ಅವನಿಗೆ ಹಾರ ಹಾಕಿ, ಬದುಕುಳಿದವರು ಎರಡು ಮಾತಾಡಬೇಕೆಂದು ಬಸ್ಸಕ್ಕನನ್ನು ಕರೆದರು. ಅವಳು ಮೈಕಿನ ಮುಂದೆ ನಿಂತು ನಿಜವನ್ನೇ ಹೇಳಿದಳು: "ಇವರು ಇಲ್ಲದಿದ್ರೆ ನನಗೆ ಇನ್ನು ಓಡೋಕೆ ಆಗ್ತಿರಲಿಲ್ಲ." ಮುಂದಿನ ಸಾಲಿನಲ್ಲಿ ಸುರಕ್ಷತಾಧಿಕಾರಿ ಕಣ್ಣೊರೆಸಿಕೊಂಡ.

ಆರು ವಾರ ಮುಗಿದು, ಒಂಟಿ ಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಾಗದಿದ್ದಾಗ ಡಾಕ್ಟರು ರಸ್ತೆಗೆ ಬಿಟ್ಟರು. ಹೊಸ ಬೂಟು. ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ದಿನ ಬಿಟ್ಟು ದಿನ. ಇದು ಅವಳಿಗೆ ನೀರಿಗೆ ಬೀಳುವುದಕ್ಕಿಂತ ಕಷ್ಟವಾಯಿತು. ನಡೆಯುವ ನಿಮಿಷದಲ್ಲಿ ತರಕಾರಿ ಚೀಲ ಹಿಡಿದ ಮುದುಕರು ಅವಳನ್ನು ದಾಟಿ ಹೋಗುತ್ತಿದ್ದರು. ಗಂಡ ಎರಡೂ ವಾಚುಗಳನ್ನು ಮನೆಯಲ್ಲೇ ಬಿಡು ಎಂದಾಗ, "ನಿಮಿಷ ಆಯ್ತು ಅಂತ ಯಾರು ಹೇಳ್ತಾರೆ?" ಎಂದು ಒಂದನ್ನು ಕಟ್ಟಿಕೊಂಡೇ ಹೋದಳು.

ಮೂರು ವಾರದ ನಂತರ ಓಟದ ದಿನ ಬಂತು. "ಭಾಗವಹಿಸಿ, ಗೆಲ್ಲೋಕೆ ಹೋಗಬೇಡಿ" ಎಂದಿದ್ದರು ಡಾಕ್ಟರು. ಆರು ಕಿಲೋಮೀಟರ್ ತನಕ ಅವಳು ಮುಂದಿನ ಗುಂಪಿನಲ್ಲೇ ಇದ್ದಳು. ಏಳನೆಯದರಲ್ಲಿ ಎಡಗಾಲಿನೊಳಗೆ ಏನೋ ಸಣ್ಣಗೆ ಚುಳ್ ಎಂದಿತು. ನೋವಲ್ಲ, ಬಾಗಿಲು ತಟ್ಟುವ ಮೊದಲು ಹೊರಗೆ ಯಾರೋ ನಿಂತಿದ್ದಾರೆ ಅನ್ನಿಸುತ್ತದಲ್ಲ, ಹಾಗೆ. ಅವಳ ಮೈಯೆಲ್ಲ ಓಡು ಓಡು ಅನ್ನುತ್ತಿತ್ತು. ಅವಳು ರಸ್ತೆಯ ಅಂಚಿಗೆ ಸರಿದು ನಡೆಯತೊಡಗಿದಳು. ಅಂಚೆ ಕಚೇರಿಯವರು ದಾಟಿದರು, ಬ್ಯಾಂಕಿನವರು ದಾಟಿದರು, ಸಿಮೆಂಟು ಕಾರ್ಖಾನೆಯ ಒಬ್ಬ ಭಾರೀ ಹೆಂಗಸು ಏದುಸಿರು ಬಿಡುತ್ತಾ ದಾಟಿ, "ಬನ್ನಿ ಬನ್ನಿ, ಇನ್ನೇನು ಬಂತು" ಎಂದು ಧೈರ್ಯ ಹೇಳಿ ಹೋದಳು. ಬಸ್ಸಕ್ಕ ಅವಳಿಗೆ ನಕ್ಕು ಕೈಬೀಸಿದಳು. ಎರಡು ನಿಮಿಷ ನಡೆದು, ಕಾಲು ಸುಮ್ಮನಾದ ಮೇಲೆ ಮತ್ತೆ ಮೆಲ್ಲಗೆ ಓಡಿದಳು.

ನಲವತ್ತಮೂರನೆಯವಳಾಗಿ ಬಂದಳು. ಮುಗಿಯುವ ಗೆರೆಯ ಹತ್ತಿರ ಅತ್ತೆ ಕೊಡೆ ಹಿಡಿದು ನಿಂತಿದ್ದರು. ಏಳು ವರ್ಷದಲ್ಲಿ ಮೊದಲ ಸಲ ಓಟ ನೋಡಲು ಬಂದಿದ್ದರು.

"ಎಷ್ಟನೆಯವಳು?"

"ನಲವತ್ತಮೂರು."

"ಹಿಂದೆ ಎಷ್ಟು ಜನ ಇದಾರೆ?"

"ಇನ್ನೂರು ಇರಬಹುದು ಅತ್ತೆ."

ಅತ್ತೆ ರಸ್ತೆಯುದ್ದಕ್ಕೂ ಬೆವರಿ ಬಸವಳಿದು ಬರುತ್ತಿದ್ದ ಜನರನ್ನು ಸ್ವಲ್ಪ ಹೊತ್ತು ನೋಡಿದರು. ಇಷ್ಟೊಂದು ಮಂದಿಗೆ ತಲೆ ಕೆಟ್ಟಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಕೊಡೆಯನ್ನು ಸೊಸೆಯ ತಲೆಯ ಮೇಲೆ ಹಿಡಿದು, "ನಿಧಾನಕ್ಕೆ ನಡಿ" ಅಂದರು. ಇಬ್ಬರೂ ಮನೆಯ ಕಡೆ ಹೊರಟರು.