ಒದ್ದ ಮೇಲೊಂದು ನಮಸ್ಕಾರ

ನನಗೆ ಒದೆಯಲು ಬರುತ್ತದೆ, ಒದ್ದ ಮೇಲೆ ಸುಮ್ಮನಿರಲು ಬರುವುದಿಲ್ಲ. ನಲವತ್ತಾರನೆಯ ವಯಸ್ಸಿನಲ್ಲಿ ವಿಜಯಪುರದ ಒಂದು ಕರಾಟೆ ತರಗತಿ ಸೇರಿದ ಮೇಲೆ ನನ್ನ ಬಗ್ಗೆ ನಾನೇ ಕಂಡುಕೊಂಡ ಸತ್ಯ ಇದು. ಕಾಲು ಎದುರಿನವರ ಮೈಗೆ ತಗುಲಿದ್ದೇ ತಡ, ನನ್ನ ಬಲಗೈ ತಾನಾಗಿ ಅವರನ್ನು ಮುಟ್ಟಿ ನನ್ನ ಕಣ್ಣಿಗೆ ಒತ್ತಿಕೊಳ್ಳುತ್ತದೆ. ಯಾರಿಗಾದರೂ ಕಾಲು ತಾಗಿದರೆ ಹಾಗೆ ಮಾಡಬೇಕೆಂದು ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಆ ಭಕ್ತಿಯ ಕ್ಷಣದಲ್ಲೇ ಎದುರಿನವರ ಗುದ್ದು ಬಂದು ಬೀಳುತ್ತದೆ.

ದಿನಾ ಬ್ಯಾಂಕಿನ ಕೆಲಸಕ್ಕೆ ತಿಕೋಟಾ ಬಸ್ಸು ಹತ್ತುವವಳು ನಾನು. ಒಮ್ಮೆ ಗಂಡಸೊಬ್ಬ ನನ್ನ ಪಾದದ ಮೇಲೆ ಬೂಟುಗಾಲಿಟ್ಟು ನಿಂತ. ನಾನೇ "ತಪ್ಪಾತ್ರಿ" ಎಂದೆ! ಆತ ದೊಡ್ಡ ಮನಸ್ಸು ಮಾಡಿ "ಇರ್ಲಿ ಬಿಡ್ರಿ" ಎಂದ. ಕಾಲು ಮಾತ್ರ ತೆಗೆಯಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಕರಾಟೆ ಮಾಸ್ತರರು ಒಂದು ಮುಂಜಾನೆ ಎಲ್ಲರಿಗೂ ನೋಟ್‌ಬುಕ್ ಕೊಟ್ಟು, ನಿಮ್ಮ ನಿಮ್ಮ ಗುರಿ ಬರೆಯಿರಿ ಎಂದರು. ಒಬ್ಬರು ಕಪ್ಪು ಬೆಲ್ಟು ಎಂದು ಬರೆದರು, ಇನ್ನೊಬ್ಬರು ಜಿಲ್ಲಾಮಟ್ಟದ ಪದಕ. ನಾನು "ಒದ್ದ ಮೇಲೆ ನಮಸ್ಕಾರ ಮಾಡಬಾರದು" ಎಂದು ಬರೆದೆ.

"ಇದೇನ್ ಗುರಿ ರೀ ಮೇಡಂ? ಹಳದಿ ಬೆಲ್ಟ್ ಅಂತಾದ್ರೂ ಬರೀರಿ" ಎಂದು ಮಾಸ್ತರರು ನಕ್ಕರು.

ನಾನು ಅಳಿಸಲಿಲ್ಲ. ಆಟಕ್ಕೆ ಮುನ್ನ ಇಬ್ಬರೂ ಬಾಗಿ ವಂದಿಸುವ ಪದ್ಧತಿ ಕರಾಟೆಯಲ್ಲೇ ಇದೆ. ಮರ್ಯಾದೆಯನ್ನೆಲ್ಲ ಮುಂಗಡವಾಗಿಯೇ ಸಲ್ಲಿಸಿದ ಮೇಲೆ, ಮತ್ತೆ ಒದೆಗೊಂದು ನಮಸ್ಕಾರ ಯಾಕೆ?

ಹಳದಿ ಬೆಲ್ಟಿನ ಪರೀಕ್ಷೆ ಹತ್ತಿರ ಬಂತು. ಮನೆಯಲ್ಲಿ ಅತ್ತೆಯ ಮಾತೇ ಬೇರೆ. ಅವರು ಬಬಲೇಶ್ವರದವರು, ಮಾತು ಖಡಾಖಂಡಿತ. "ಮನಿ ಸೊಸಿ ಕಾಲೆತ್ತಿ ಒದಿಯೂದು ಏನ್ ಚಂದ? ಈ ಪರೀಕ್ಷಾದಾಗ ನಪಾಸಾದ್ರ ಬಿಟ್ಟಬಿಡಬೇಕು ನೋಡವಾ" ಎಂದರು. ನಾನು ಹೂಂ ಎಂದುಬಿಟ್ಟೆ. ಹೂಂ ಅನ್ನುವುದರಲ್ಲಿ ನಾನು ಎಂದೋ ಕಪ್ಪು ಬೆಲ್ಟು ಪಡೆದವಳು. ಆಮೇಲೆ, ಬಿಡಬೇಕಾದದ್ದು ಏನೆಂದು ಹೊಳೆಯಿತು. ದಿನದಲ್ಲಿ ನಾನು ಯಾರ ಸೊಸೆಯೂ ಯಾರ ಗುಮಾಸ್ತೆಯೂ ಅಲ್ಲದ ಒಂದೇ ಗಂಟೆ ಅದು.

ಪರೀಕ್ಷೆಯ ದಿನ ನನ್ನೆದುರು ನಿಂತವರು ನಿಡೋಣಿಯ ಶಾಲೆಯೊಂದರ ಟೀಚರು, ನನಗಿಂತ ಹಿರಿಯರು. ಒದ್ದೆ. ಕಾಲು ಅವರ ಪಕ್ಕೆಗೆ ಸರಿಯಾಗಿ ತಗುಲಿತು. ನನ್ನ ಕೈ ಮುಂದಕ್ಕೆ ಚಾಚತೊಡಗಿತು. ಮುಷ್ಟಿ ಬಿಗಿದು ಎದೆಯ ಬಳಿಯೇ ಹಿಡಿದು ನಿಲ್ಲಿಸಿದೆ. ಆ ಸಂಭ್ರಮದಲ್ಲಿ ಮುಂದಿನ ಹೆಜ್ಜೆಗಳೆಲ್ಲ ಮರೆತುಹೋದವು. ನಪಾಸಾದೆ.

ಮನೆಗೆ ಬಂದಾಗ ಅತ್ತೆ ಮೊರದ ಮುಂದೆ ಶೇಂಗಾ ಸುಲಿಯುತ್ತಿದ್ದರು.

"ಏನಾತವಾ?"

"ನಪಾಸಾಗೇನ್ರಿ ಅತ್ತಿ. ನಾಳೆ ಮುಂಜಾನೆ ಮತ್ತ ಹೋಗ್ತೀನ್ರಿ."

ಅವರ ಕೈ ನಿಂತಿತು. "ಮಾತ ಕೊಟ್ಟಿದ್ದಿ ಅಲ್ಲ?"

"ಕೊಟ್ಟಿದ್ನಿರಿ. ಕೊಡಬಾರದಾಗಿತ್ತು."

"ತಪ್ಪಾತ್ರಿ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಆಶ್ಚರ್ಯವೆಂದರೆ, ಮನೆಯ ಮಾಡು ಕುಸಿಯಲಿಲ್ಲ. ಅತ್ತೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಮೊರವನ್ನು ನನ್ನ ಕಡೆಗೆ ಅರ್ಧ ಸರಿಸಿದರು.