ಹೆಬ್ಬೆರಳಿಗೆ ಕೇಳಿದ ಹೆಜ್ಜೆ

ಮಟಮಟ ಮಧ್ಯಾಹ್ನ. ಕೊಟ್ಟೂರಿನ ನಮ್ಮ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಖಾನಾವಳಿಗೆ ರೊಟ್ಟಿ ಕೊಟ್ಟು, ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರುತ್ತಿದ್ದೆ. ಮೂರು ದಾರಿ ಕೂಡುವಲ್ಲಿ ಬಲಗಾಲಿಗೆ ತಣ್ಣಗೆ ಏನೋ ಹತ್ತಿತು. ಆ ಬಿಸಿಲಲ್ಲಿ ತಣ್ಣಗೆ. ಹೆಚ್ಚಿದ ನಿಂಬೆಹಣ್ಣು, ಕುಂಕುಮ ಕಲಸಿದ ಅನ್ನ. ಯಾರೋ ದೃಷ್ಟಿ ನಿವಾಳಿಸಿ ಒಗೆದಿದ್ದರು.

ಮರುದಿನ ಏಳುವಾಗ ಬಲಗಾಲಿನ ಹೆಬ್ಬೆರಳು ನನ್ನದಾಗಿರಲಿಲ್ಲ.

ಕೆಂಪಗೆ ಉಬ್ಬಿ ಹೊಳೆಯುತ್ತಿತ್ತು. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತಿತ್ತು. ಫ್ಯಾನಿನ ಗಾಳಿಯೂ ಭಾರ. ಮೂರು ಹೆರಿಗೆ ಕಂಡವಳು ನಾನು, ಒಂದು ಬೆರಳಿಗಾಗಿ ಇಷ್ಟು ಅತ್ತದ್ದು ಅದೇ ಮೊದಲು.

“ಏನರ ತುಳಿದಿಯೇನ?” ಎಂದರು ಅತ್ತೆ. ಸುಮ್ಮನಿರಬೇಕಿತ್ತು. ಹೇಳಿಬಿಟ್ಟೆ. ಒಗೆದವಳು ಹಾಲವ್ವ ಎಂದು ಸಂಜೆಯೊಳಗೆ ಮನೆಗೆಲ್ಲ ಗೊತ್ತಾಯಿತು. ಹಾಲವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಪಕ್ಕದ ಮನೆಯಲ್ಲೇ ಇದ್ದಾಳೆ. ಮೊಮ್ಮಗಳಿಗೆ ಜ್ವರವೆಂದು ನಿವಾಳಿಸಿದ್ದಳು. ನಾವಿಬ್ಬರೂ ಸೇರಿ ರೊಟ್ಟಿ ಮಾಡಿ ಮಾರುತ್ತಿದ್ದೆವು. ಅವಳು ತಟ್ಟುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಗಂಡಂದಿರ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ಆ ಒಲೆಯ ಮುಂದೆ ಆಡಿದ್ದೇವೆ.

ಊರಿನ ಡಾಕ್ಟರು, “ಗೌಟ್ ಇರಬಹುದು, ಯೂರಿಕ್ ಆ್ಯಸಿಡ್ ನೋಡೋಣ” ಎಂದರು. ರಕ್ತ ಕೊಟ್ಟೆ.

ರಿಪೋರ್ಟು ನಾರ್ಮಲ್.

“ರಕ್ತದಾಗ ಇಲ್ಲಂದ್ರ ಎಲ್ಲಿಂದ ಬಂತು? ನಾ ಹೇಳಲಿಲ್ಲೇನು?” ಅತ್ತೆ ಮಾಗಳದ ಗುಡಿಯಿಂದ ಮಂತ್ರಿಸಿದ ದಾರ ತರಿಸಿ ಕಾಲಿಗೆ ಕಟ್ಟಿದರು. ವಾರ ಕಳೆಯುವುದರಲ್ಲಿ ನೋವು ಹೇಳದೆ ಕೇಳದೆ ಹೋಯಿತು. ಬೆರಳು ಸಿಪ್ಪೆ ಸುಲಿದು ಮೊದಲಿನಂತಾಯಿತು. ದಾರಕ್ಕೆ ಹೆಸರು ಬಂತು, ಹಾಲವ್ವನಿಗೆ ಕೆಟ್ಟ ಹೆಸರು. ಅವಳ ಕೈಯ ನೀರನ್ನೂ ಅತ್ತೆ ಮುಟ್ಟದಾದರು.

ಎರಡು ತಿಂಗಳಿಗೆ ಅದು ಮತ್ತೆ ಬಂತು. ಆಮೇಲೆ ಮತ್ತೆ.

ಒಳಗಿನ ಕೋಣೆಯಲ್ಲಿ ಕಾಲು ಚಾಚಿ ಮಲಗಿದ ಆ ದಿನಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ಮನೆಯಲ್ಲಿ ಯಾರು ನಡೆದರೂ ಬೆರಳಿಗೆ ಕೇಳುತ್ತಿತ್ತು. ನೆಲ ಅದುರುತ್ತದೆ, ನೋವಿರುವ ಜಾಗಕ್ಕೆ ಅದು ತಿಳಿಯುತ್ತದೆ ಎಂದು ಈಗ ಹೇಳಬಲ್ಲೆ. ಆಗ ಹಾಗನ್ನಿಸಲಿಲ್ಲ. ಅತ್ತೆಯ ಕೋಲಿಗೆ ಒಂದು ಥರ, ಗಂಡನ ಹೆಜ್ಜೆಗೆ ಇನ್ನೊಂದು ಥರ. ಹಾಲವ್ವ ಬಂದರೆ ಮಾತ್ರ, ಅವಳು ಹೊಸ್ತಿಲು ದಾಟುವ ಮೊದಲೇ, ಬೆರಳು ಒಳಗಿಂದ ಬಡಿದುಕೊಳ್ಳುತ್ತಿತ್ತು. ಕಣ್ಣು ಮುಚ್ಚಿ ಪರೀಕ್ಷೆ ಮಾಡಿದೆ. ತಪ್ಪಲಿಲ್ಲ. ನನಗೆ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಬೆರಳು ಬಡಿದುಕೊಂಡಿತು, ಯಾರೂ ಒಳಗೆ ಬರಲಿಲ್ಲ. ಕಿಟಕಿಯಿಂದ ಇಣುಕಿದೆ. ಹಾಲವ್ವ ಹೊರಗೇ ನಿಂತಿದ್ದಳು. ಕುಂಟುತ್ತಾ ಬಾಗಿಲಿಗೆ ಹೋಗಿ ಕರೆದೆ.

“ಬ್ಯಾಡಕ್ಕ. ನಾನ ಮಾಡೀನೇನೋ ಅನಸ್ತೈತಿ. ನಿವಾಳಿಸುವಾಗ ನಿನ್ನ ಮುಖ ನೆನಪಾಗಿತ್ತು.”

ಅವಳು ಅಳುತ್ತಿರಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ, ಕಾಲನ್ನೇ ನೋಡುತ್ತಿದ್ದಳು. ಊರು ಅಂದದ್ದನ್ನು ಸಹಿಸಬಹುದು, ಅಂದದ್ದನ್ನು ಅವಳೇ ನಂಬಿಕೊಂಡರೆ ಏನು ಮಾಡುವುದು? ಅಂದಿನಿಂದ ಅವಳು ರೊಟ್ಟಿ ತಟ್ಟಲು ಬರಲಿಲ್ಲ. ನಾನು ತಟ್ಟಿದ ರೊಟ್ಟಿ ಒಡೆಯುತ್ತಿತ್ತು. ಬೆರಳಿಗಿಂತ ಹೆಚ್ಚಾಗಿ ಅವಳಿಗಾಗಿಯೇ ಹರಪನಹಳ್ಳಿಯ ಡಾಕ್ಟರಮ್ಮನ ಹತ್ತಿರ ಹೋದೆ.

ಹಳೆಯ ರಿಪೋರ್ಟು ನೋಡಿ ಆಕೆ, “ನೋವು ಜೋರಿದ್ದಾಗ ಮಾಡ್ಸಿದ್ರಾ? ಆವಾಗ ರಕ್ತದಲ್ಲಿ ಕಮ್ಮಿ ತೋರಿಸ್ಬಹುದು. ನೋವು ಹೋಗಿ ಒಂದಿಷ್ಟು ದಿನ ಆದ್ಮೇಲೆ ಬರ್ರಿ” ಎಂದರು. ಹಾಗೇ ಹೋದೆ. ಈ ಸಲ ಯೂರಿಕ್ ಆ್ಯಸಿಡ್ ಹೆಚ್ಚಿತ್ತು. ಅದು ಕೀಲಿನಲ್ಲಿ ಹರಳಾಗಿ ಕೂಡುತ್ತದಂತೆ. ಬಿಪಿಗೆ ನುಂಗುತ್ತಿದ್ದ, ನೀರು ಇಳಿಸುವ ಮಾತ್ರೆಯಿಂದಲೂ ಏರಬಹುದೆಂದು ಅದನ್ನು ಬದಲಿಸಿದರು. ದಿನಾ ನುಂಗಲು ಹೊಸ ಮಾತ್ರೆಯೊಂದನ್ನು ಬರೆದುಕೊಟ್ಟರು. “ನೋವಿಲ್ಲ ಅಂತ ಬಿಡ್ಬೇಡ್ರಿ. ಮೊದಲ ಕೆಲವು ತಿಂಗಳು ಮತ್ತೆ ಬರ್ಬಹುದು, ಬಂದ್ರೂ ಬಿಡ್ಬೇಡ್ರಿ.”

“ಮತ್ತ ನಿಂಬಿಹಣ್ಣು?”

“ಕಾಗೆ ಕೂರೋಕೂ ಟೊಂಗೆ ಮುರಿಯೋಕೂ ಸರಿಹೋಯ್ತು. ಹರಳು ಎಷ್ಟೋ ವರ್ಷದಿಂದ ಅಲ್ಲೇ ಕೂತಿರ್ತಾವೆ.”

ಬಸ್ಸಿನಲ್ಲಿ ಅದೇ ಮಾತು ಕಾಡಿತು. ನಾನು ನಗುತ್ತಾ ರೊಟ್ಟಿ ಬೇಯಿಸುತ್ತಿದ್ದ ವರ್ಷಗಳಲ್ಲೆಲ್ಲ ಅವು ಸದ್ದಿಲ್ಲದೆ ನನ್ನೊಳಗೆ ಕೂತಿದ್ದವು. ನಿಂಬೆಹಣ್ಣಿಗಿಂತ ಇದೇ ಹೆಚ್ಚು ಭಯ ಹುಟ್ಟಿಸಿತು.

ಮನೆಯಲ್ಲಿ ಹೇಳಿದರೆ ಅತ್ತೆ ಮೂಗು ಮುರಿದರು. ಹಾಲವ್ವ ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಮದಲಿಂದೂ ಇಂಥದ ಕಾಗದ ಅಲ್ಲೇನಕ್ಕ? ಅದು ಇಲ್ಲ ಅಂತು, ಇದು ಐತಿ ಅಂತೈತಿ. ಯಾವುದನ್ನ ನಂಬಲಿ?”

ಮಾತ್ರೆ ನುಂಗುತ್ತಾ ಬಂದೆ, ನೀರು ಕುಡಿಯುತ್ತಾ ಬಂದೆ. ನೋವಿಲ್ಲದೆ ಒಂದಿಷ್ಟು ಕಾಲ ಹೋಯಿತು. ಅದಕ್ಕೆ ನಾನು ಋಣಿ. ಆದರೆ ಹಾಲವ್ವ ನನ್ನನ್ನು ಕಂಡರೆ ಈಗಲೂ ಗೋಡೆಗೆ ಸರಿದು ನಿಲ್ಲುತ್ತಿದ್ದಳು.

ಮೊನ್ನೆ ನಾನೇ ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಬಲಗಾಲನ್ನು ಎತ್ತಿ ಅವಳ ತೊಡೆಯ ಮೇಲಿಟ್ಟೆ.

“ಒತ್ತು.”

“ಅಕ್ಕ, ನನ್ನ ಕೈ ಚಲೋ ಅಲ್ಲ.”

“ಒತ್ತಲೇ.”

ಬಹಳ ಹೊತ್ತು ಕೈ ಗಾಳಿಯಲ್ಲೇ ಇತ್ತು. ಆಮೇಲೆ ಹೆಬ್ಬೆರಳಿಗೆ ತಾಗಿತು. ತಾಗಿದ ಕ್ಷಣವೇ ಅದರೊಳಗೆ ಸಣ್ಣಗೆ ಏನೋ ಚುಚ್ಚಿತು. ಮತ್ತೆ ಬರಬಹುದೆಂದು ಡಾಕ್ಟರಮ್ಮ ಹೇಳಿದ್ದು ಇದನ್ನೇ ಇರಬೇಕು, ನಾಳೆ ಫೋನ್ ಮಾಡಿದರಾಯಿತು ಎಂದುಕೊಂಡೆ.

“ನೋವಾತೇನಕ್ಕ?”

“ಇಲ್ಲವ್ವ,” ಎಂದೆ. ಕಾಲು ಹಿಂದಕ್ಕೆ ತೆಗೆಯಲಿಲ್ಲ.