ಹುಸೇನಪ್ಪನ ಗೋಲು ಬಸ್ಸೇರಿದ್ದು

ದೇವದುರ್ಗದ ಬಸ್ಸಿನ ಕಂಡಕ್ಟರ್ ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ಅವನ ಸಿಟ್ಟು ನಮ್ಮ ಮೇಲಲ್ಲ, ನಾವು ಹೊತ್ತು ತಂದಿದ್ದ ಮೂರು ಕಂಬಗಳ ಮೇಲಿತ್ತು. ಎರಡು ಹತ್ತಡಿಯವು, ಮೂರನೆಯದು ಹೆಚ್ಚುಕಡಿಮೆ ಬಸ್ಸಿನಷ್ಟೇ ಉದ್ದ. "ಮದಿವಿ ಹಂದರ ಹಾಕಾಕ ಹೊಂಟೀರೇನ್ರಿ? ಲಾರಿ ಮಾಡ್ಕೊಂಡ್ ಹೋಗ್ರಿ" ಎಂದವನೇ ಸೀಟಿ ಊದಿಬಿಟ್ಟ. ಎಂಬತ್ತರ ದಶಕದ ಮೊದಮೊದಲು, ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ ಆರೂವರೆ ಗಂಟೆ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನಾವು ಐದು ಜನ ಒಂದು ಫುಟ್‌ಬಾಲ್ ಗೋಲನ್ನು ಹೆಗಲ ಮೇಲಿಟ್ಟುಕೊಂಡು ನಿಂತಿದ್ದೆವು.

ಆ ಗೋಲು ಹುಸೇನಪ್ಪನದು. ಹಗಲೆಲ್ಲ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತು, ಸಂಜೆ ನಮ್ಮ ಹಮಾಲರ ತಂಡದ ಗೋಲಿನಲ್ಲಿ ಬರಿಗಾಲಲ್ಲಿ ನಿಲ್ಲುತ್ತಿದ್ದ. ಆಟ ಶುರುವಾಗುವ ಮುಂಚೆ ಟವಲಿನಿಂದ ಎರಡೂ ಕಂಬ ಒರೆಸಿ, ಎದುರಾಳಿಗಳಿಗೆ ಕೇಳುವಂತೆ ಹೇಳುತ್ತಿದ್ದ: "ಇದು ನಮ್ಮನಿ ಬಾಗಲಾ. ಕೇಳಿ ಒಳಗ ಬರ್ರಿ." ಹೆಚ್ಚಿನವರಿಗೆ ಅಪ್ಪಣೆ ಸಿಗುತ್ತಿರಲಿಲ್ಲ. ಶುಕ್ರವಾರ ಮಿಲ್ಲಿಗೆ ರಜೆ. ಅವತ್ತು ಊರಿನ ಯಾರು ಬೇಕಾದರೂ ಸಾಲಿನಲ್ಲಿ ನಿಂತು ಅವನ ಗೋಲಿಗೆ ಒಂದು ಸಲ ಒದೆಯಬಹುದಿತ್ತು. ಒಬ್ಬರಿಗೆ ಒಂದೇ ಒದೆ. ಜಟಕಾದವರು, ಕಾಲೇಜು ಹುಡುಗರು, ಒಮ್ಮೆ ಒಬ್ಬ ಫೌಜುದಾರರೂ ಬೂಟು ಹಾಕಿಕೊಂಡು ಬಂದು ಒದ್ದು ಹೋಗಿದ್ದರು. ನಾನು ದರ್ಜಿ, ತಂಡದ ಅಂಗಿಗಳನ್ನು ಹೊಲಿದವನೇ ಹೊರತು ಆಡಿದವನಲ್ಲ. ಆದರೂ ಆ ಸಾಲಿನಲ್ಲಿ ಹನ್ನೊಂದು ವರ್ಷ ನಿಂತಿದ್ದೇನೆ. ನನ್ನ ಒಂದು ಚೆಂಡೂ ಒಳಗೆ ಹೋಗಲಿಲ್ಲ.

ಮೂಟೆ ಹೊತ್ತ ಬೆನ್ನು ಒಂದು ದಿನ ಕೈಕೊಟ್ಟಿತು. ಹುಸೇನಪ್ಪ ಮಿಲ್ಲು ಬಿಟ್ಟು, ಹೆಂಡತಿ ಇದ್ದ ತನ್ನ ಹಳ್ಳಿಗೆ ಹೋದ. ಎರಡು ವರ್ಷದ ಮೇಲೆ ಜ್ವರ ಬಂದು ಅಲ್ಲೇ ತೀರಿಕೊಂಡ. ಸುದ್ದಿ ಬತ್ತದ ಗಾಡಿಯ ಜೊತೆ ಮಿಲ್ಲಿಗೆ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಅದೇ ವಾರ ನಮ್ಮ ಮೈದಾನಕ್ಕೆ ತಂತಿ ಬೇಲಿ ಬಿತ್ತು, ಗೋದಾಮು ಕಟ್ಟುತ್ತಾರಂತೆ. ಗೋಲಿನ ಕಂಬಗಳನ್ನು ಕಿತ್ತು ಇಟ್ಟಿಗೆಯ ಪಕ್ಕ ಎಸೆದಿದ್ದರು. ಹುಸೇನಪ್ಪನ ಜೊತೆ ಮೂಟೆ ಹೊತ್ತು, ಅವನ ಮುಂದೆಯೇ ಬಲಗಡೆ ಬ್ಯಾಕ್ ಆಡುತ್ತಿದ್ದ ತಿಮ್ಮಣ್ಣ ಅವನ್ನು ನೋಡಿ, "ಮನಷ್ಯಾ ಹೋದ, ಮೈದಾನ ಹೋತು. ಗೋಲರ ಅವನ ಹಂತ್ಯಾಕ ಹೋಗ್ಲಿ" ಎಂದ. ತಂಡದ ಕೆಲವು ದೊಡ್ಡವರು ಯಾವುದೋ ಹಾಲ್‌ನಲ್ಲಿ ಫೋಟೋಕ್ಕೆ ಹಾರ ಹಾಕಿ ಎರಡು ನಿಮಿಷ ಮೌನವಾಗಿ ನಿಲ್ಲೋಣ ಎಂದಿದ್ದರು. ನಮಗೆ ಮೌನವಾಗಿರುವ ಮನಸ್ಸಿರಲಿಲ್ಲ. ಹಾಡುಹಗಲೇ ಬೇಲಿ ದಾಟಿ ಕಂಬ ಹೊತ್ತೆವು. ಯಾರವು ಎಂದು ಕಾವಲುಗಾರ ಕೇಳಿದ. ಹುಸೇನಪ್ಪನವು ಎಂದೆವು. ಅವನಿಗೆ ಅಷ್ಟು ಸಾಕಾಯಿತು.

ಹೊರಡುವ ಮೊದಲು ನಾನು ಚಾಳಿ ಬಿಡದೆ ಟೇಪು ಹಿಡಿದೆ. ಮೇಲಿನ ಅಡ್ಡಕಂಬ ಇಪ್ಪತ್ತನಾಲ್ಕು ಅಡಿ ಇರಬೇಕಾದದ್ದು ಇಪ್ಪತ್ತೆರಡೂವರೆ ಇತ್ತು. ಇಷ್ಟು ವರ್ಷ ನಮ್ಮ ಗೋಲು ಒಂದೂವರೆ ಅಡಿ ಕಿರಿದು! ತಿಮ್ಮಣ್ಣ ನನ್ನ ಕೈಯಿಂದ ಟೇಪು ಕಸಿದು ಸುತ್ತಿಟ್ಟು, "ಯಾರ ಮುಂದೂ ಅನಬ್ಯಾಡ ಮಾರಾಯಾ" ಎಂದ. ಇವತ್ತು ಬರೆದುಬಿಟ್ಟಿದ್ದೇನೆ, ಅವನು ಕ್ಷಮಿಸಲಿ.

ದೇವದುರ್ಗದ ಬಸ್ಸು ಹೋದರೇನು, ಮಾನ್ವಿ ಬಸ್ಸು ಇತ್ತು. ಸುತ್ತು ದಾರಿ, ಆದರೆ ಅದರ ಡ್ರೈವರ್ ಖಾಜಾ ಸಾಬ್ ಸಾಲಿನಲ್ಲಿ ನಿಂತವರ ಪೈಕಿ. ಕಂಬಗಳನ್ನು ನೋಡಿದ ಕೂಡಲೇ ಕೆಳಗಿಳಿದು ಬಂದರು. "ನನ್ನ ಚೆಂಡು ಎಷ್ಟ್ ಸಲ ಹಿಡದಾನ ಆ ಮನಷ್ಯಾ! ಹಾಕ್ರಿ ಮ್ಯಾಲ." ಕ್ಯಾರಿಯರಿನ ಮುಂದೆ ಒಂದು ಮೊಳ, ಹಿಂದೆ ಒಂದು ಮೊಳ ಚಾಚಿಕೊಂಡು ಗೋಲು ಬಸ್ಸಿನ ನೆತ್ತಿಯ ಮೇಲೆ ಮಲಗಿತು. ಒಬ್ಬರಿಗೆ ನಾಲ್ಕು ರೂಪಾಯಿ ಟಿಕೇಟು, ಕಂಬಕ್ಕೆ ಲಗೇಜು ಬೇರೆ. ಎರಡೂ ಕಡೆ ಕೊಯ್ದ ಜೋಳದ ಹೊಲ, ಕಾಲುವೆ ನೀರು ಸಿಕ್ಕ ಕಡೆ ಕಣ್ಣು ತಂಪಾಗುವಷ್ಟು ಬತ್ತದ ಹಸಿರು. ತಗ್ಗು ಬಂದಾಗಲೆಲ್ಲ ತಲೆಯ ಮೇಲೆ ಕಂಬ ಧಡ್ ಎನ್ನುತ್ತಿತ್ತು. ಸೈಕಲ್ ಅಂಗಡಿಯ ಮಹಬೂಬ, ನಮ್ಮ ತಂಡದ ಮುಂದಾಳು, ಪ್ರತಿ ಸಲವೂ "ಹಿಡದ" ಎನ್ನುತ್ತಿದ್ದ. ನಾವೆಲ್ಲ ನಕ್ಕೆವು. ಸತ್ತವನ ಮನೆಗೆ ಹೋಗುವಾಗ ಹಾಗೆ ನಗಬಾರದೇನೋ.

ಒಂಬತ್ತಕ್ಕೆ ಮಾನ್ವಿ. ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿದೆವು. ಹತ್ತಿ ಇಳಿಸಿ ಖಾಲಿ ಹೊರಟ ಲಾರಿಯೊಂದು ಮಲ್ಲಟದವರೆಗೆ ಬಿಟ್ಟಿತು. ಅಲ್ಲಿಂದ ಅರಕೇರಾಕ್ಕೆ ಟ್ರ್ಯಾಕ್ಟರ್. ಟ್ರೇಲರಿನ ಹಿಂದೆ ಚಾಚಿದ ಅಡ್ಡಕಂಬದ ತುದಿಗೆ ಮಹಬೂಬ ತನ್ನ ಕೆಂಪು ಕರವಸ್ತ್ರ ಕಟ್ಟಿದ. ಅರಕೇರಾದಲ್ಲಿ ಅರ್ಧ ಮನೆಗಳಿಗೆ ಬೀಗ. ಜನ ದುಡಿಯಲು ದೂರದ ಊರುಗಳಿಗೆ ಹೋಗಿದ್ದರು. ಒಬ್ಬ ಮುದುಕ ನಮಗೆ ನೀರು ಕೊಟ್ಟು, ಹೋಗುವ ಊರು ಕೇಳಿ, ಯಾರ ಮನೆ ಎಂದು ತಿಳಿದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಅಗಸಿ ಒಳಗ ಹೋಗಬ್ಯಾಡ್ರಿ ಯಪ್ಪಾ. ಕೇರಿಗಿ ಹಿಂದಿನ ದಾರಿ ಅದ. ಹುಸೇನಪ್ಪನೂ ಅದರಾಗ ಹೋಗ್ತಿದ್ದ, ಚಪ್ಲಿ ಕೈಯಾಗ ಹಿಡಕೊಂಡು."

ತಿಮ್ಮಣ್ಣ ಕುಡಿಯುತ್ತಿದ್ದ ನೀರನ್ನು ಅಲ್ಲಿಗೇ ಬಿಟ್ಟ. ರಾಯಚೂರಿನ ಸಾಹುಕಾರರ ಮಕ್ಕಳು ಯಾರ ಬಾಗಿಲಲ್ಲಿ ಅಪ್ಪಣೆಗೆ ಕಾಯುತ್ತಿದ್ದರೋ, ಅವನು ತನ್ನೂರಲ್ಲಿ ಹಿಂದಿನ ದಾರಿ ಹಿಡಿಯುತ್ತಿದ್ದ. ಇಷ್ಟು ವರ್ಷದಲ್ಲಿ ನಮಗೆ ಒಂದು ಮಾತೂ ಹೇಳಿರಲಿಲ್ಲ. ಮೂರು ಮೈಲಿ ಸುಡುಬಿಸಿಲಲ್ಲಿ ಕಂಬ ಹೊತ್ತು ನಡೆದೆವು. ಹೆಗಲ ಚರ್ಮ ಕಿತ್ತು ಬರುತ್ತಿತ್ತು. ಆ ಊರಿನ ಹೆಸರು ಬರೆಯುವುದಿಲ್ಲ. ಹುಸೇನಪ್ಪನ ಹೆಂಡತಿ ಅಲ್ಲೇ ಬಾಳಬೇಕು. ಅಗಸಿ, ಅಂದರೆ ಊರಿನ ಕಲ್ಲಿನ ಹೆಬ್ಬಾಗಿಲು, ಎದುರಿಗೆ ಬಂತು. ಯಾರೂ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡೇ, ಗೋಲು ಹೊತ್ತುಕೊಂಡೇ, ಅದರೊಳಗಿಂದ ಹೋದೆವು. ಕಟ್ಟೆಯ ಮೇಲೆ ಕೂತಿದ್ದವನೊಬ್ಬ ಎದ್ದು ಗೌಡರ ದೊಡ್ಡ ಮನೆಯ ಕಡೆ ಓಡಿದ.

ಹುಸೇನಪ್ಪನ ಹೆಂಡತಿ ಈರಮ್ಮ ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತು ಮನೆ ನಡೆಸಿದವಳು. ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಉಂಡಾದ ಮೇಲೆ ನಾನು ಚೀಲದಿಂದ ಹೊಸ ಅಂಗಿ ತೆಗೆದೆ. ಹಸಿರು ಬಣ್ಣ, ಉದ್ದ ತೋಳು, ಗೋಲು ಕಾಯುವವನ ಅಂಗಿ. ಹುಸೇನಪ್ಪನ ತೋಳು ಇಪ್ಪತ್ತೇಳು ಇಂಚು; ಪುಸ್ತಕ ನೋಡದೆ ಕತ್ತರಿಸಿದ್ದೆ. ಮಣ್ಣು ಮಾಡಿದ ಜಾಗದ ಮೇಲೆ ಹೊದಿಸುತ್ತೇವೆ ಎಂದೆ. ಈರಮ್ಮ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಸತ್ತಾಂವಗ ಅಂಗಿ ಯಾಕ್ರಿ? ಬಿಸಲಾಗ ದುಡ್ಯಾಕಿ ನಾನು" ಎಂದು, ನಮ್ಮ ಕಡೆಯ ಹೆಂಗಸರು ಹೊಲಕ್ಕೆ ಹೋಗುವಾಗ ಹಾಕಿಕೊಳ್ಳುವ ಹಾಗೆ, ಸೀರೆಯ ಮೇಲೆ ತೊಟ್ಟು ತೋಳು ಮಡಚಿಕೊಂಡಳು. ನನಗೆ ಮೊದಲು ಕಸಿವಿಸಿಯಾಯಿತು. ಆಮೇಲೆ ನನ್ನ ಕಸಿವಿಸಿಗೆ ನನಗೇ ನಾಚಿಕೆಯಾಯಿತು.

ಗೋಲನ್ನು ಹಳ್ಳದ ದಂಡೆಯಲ್ಲಿ ಅವನನ್ನು ಮಣ್ಣು ಮಾಡಿದ ಗುಡ್ಡೆಯ ಹತ್ತಿರ ನೆಡುವುದು ನಮ್ಮ ಲೆಕ್ಕಾಚಾರ. ಈರಮ್ಮ ಅದಕ್ಕೂ ಒಪ್ಪಲಿಲ್ಲ. "ಅಲ್ಲಿ ಯಾರ್ ನೋಡ್ತಾರ? ಹಂದಿ ಅಡ್ಡಾಡ್ತಾವ. ಇಲ್ಲಿ ಹಚ್ರಿ" ಎಂದು ತೋರಿಸಿದ್ದು ಕೇರಿಯ ಬಾಯಿಯ ಬಯಲು, ಬಂಡಿದಾರಿ ಒಳಗೆ ಬರುವ ಜಾಗ. ನಾವು ಹಾರೆ ಹುಡುಕುವಷ್ಟರಲ್ಲಿ ಅವಳು ಒಂದು ತಗ್ಗು ತೋಡಿ ಮುಗಿಸಿದ್ದಳು. ನೆಲ ಕರಿಮಣ್ಣು, ಒಣಗಿ ಕಲ್ಲಾಗಿತ್ತು. ನಾನೂ ಮಹಬೂಬನೂ ಸೇರಿ ಇನ್ನೊಂದನ್ನು ಅರ್ಧ ತೋಡಿದ್ದೆವು. ನಮ್ಮನ್ನು ಸರಿಸಿ ಅದನ್ನೂ ಅವಳೇ ಪೂರೈಸಿದಳು. ಗೋಲು ಎದ್ದು ನಿಂತಿತು. ತಿಮ್ಮಣ್ಣ ಟವಲಿನಿಂದ ಕಂಬ ಒರೆಸಿದ. ಒಬ್ಬೊಬ್ಬರು ಒಂದೊಂದು ಸಲ ಒದೆಯುವುದೆಂದು ಚೆಂಡು ಇಟ್ಟೆವು.

ನನ್ನ ಚೆಂಡು ಒಳಗೆ ಹೋಯಿತು. ಹನ್ನೊಂದು ವರ್ಷ ಬಯಸಿದ್ದು ಅಷ್ಟು ಸುಲಭವಾಗಿ ಆಗಿಬಿಟ್ಟಿತು. ಚೆಂಡು ಉರುಳಿ ಜಾಲಿಮುಳ್ಳಿನ ಹತ್ತಿರ ನಿಂತಾಗ, ಹುಸೇನಪ್ಪ ಸತ್ತಿದ್ದಾನೆ ಎಂಬುದು ನನಗೆ ಮೊದಲ ಸಲ ತಿಳಿಯಿತು. ಎಲ್ಲರ ಎದುರಿಗೇ ಅತ್ತುಬಿಟ್ಟೆ.

ಈರಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅವಳು ಒಂದು ಆಟವನ್ನೂ ಕಂಡವಳಲ್ಲ. "ಹಿಂಗ ಯಾರ ಬೇಕಾದಾವ್ರು ಒಳಗ ಹೋಗೂದೇನ್ರಿ? ಅವ ಏನ್ ಮಾಡ್ತಿದ್ದ ಮತ್ತ?"

"ಅಡ್ಡ ನಿಂತು ತಡೀತಿದ್ದ, ಅತ್ತಿಗಿ" ಎಂದ ತಿಮ್ಮಣ್ಣ.

ಅವಳು ಎದ್ದು ಹೋಗಿ ಎರಡು ಕಂಬಗಳ ನಡುವೆ ನಿಂತಳು.

ಅಷ್ಟರಲ್ಲಿ ಮೋಟರ್‌ಸೈಕಲ್ ಬಂತು. ಅಗಸಿಯೊಳಗಿಂದ ನಾವು ಬಂದ ಸುದ್ದಿ ದೊಡ್ಡ ಮನೆ ಮುಟ್ಟಿತ್ತು. ಇಳಿದವನು ಆ ಮನೆಯ ಸಣ್ಣ ಗೌಡ, ಮೂವತ್ತರ ಆಸುಪಾಸು. "ಯಾರ್ನ ಕೇಳಿ ಅಗಸಿ ಕಟ್ಟೀರಿ? ಊರಿಗಿ ಒಂದ ಅಗಸಿ. ಕೇರಿಗಿ ಅಗಸಿ ಇರೂ ಪದ್ಧತಿ ಇಲ್ಲ. ಸಂಜಿ ಒಳಗ ಕೀಳಬೇಕು."

ಕೇರಿಯ ಜನ ಗೋಡೆಯ ಮರೆಗೆ ಸರಿದರು. ನಾನು ಮುಖ ಮರೆಯುತ್ತೇನೆ, ಮೈ ಮರೆಯುವುದಿಲ್ಲ. ಎಡ ಭುಜ ಅರ್ಧ ಇಂಚು ಇಳಿದ ಈ ಮೈಗೆ ನಾನು ಮೂರು ವರ್ಷ ಪ್ಯಾಂಟು, ಶರ್ಟು ಹೊಲಿದಿದ್ದೆ. "ಗೌಡ್ರ, ನಿಮ್ಮ ಸೊಂಟ ಇಪ್ಪತ್ತೆಂಟು ಇದ್ದಾಗ್ಲಿಂದ ನಿಮ್ಮನ್ನ ಬಲ್ಲೆ ನಾನು. ಕಾಲೇಜಿಗಿ ರಾಯಚೂರಾಗ ಇದ್ರಿ. ಇದು ಅಗಸಿ ಅಲ್ಲಂತ ನಿಮಗ ಚೊಲೋತ್ನ್ಯಾಗ ಗೊತ್ತದ. ಶುಕ್ರವಾರ ಸಾಲಿನ್ಯಾಗ ನನ್ನ ಹಿಂದ ನೀವೂ ನಿಂತಿದ್ರಿ."

ಗೌಡ ನನ್ನನ್ನು ನೋಡಿದ, ಕಂಬಗಳನ್ನು ನೋಡಿದ. ಮುಖ ಕೆಂಪೇರಿತು.

ಈರಮ್ಮ ಗೋಲಿನೊಳಗಿಂದಲೇ ಕೇಳಿದಳು. ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳಿದಳು. "ಹೌದೇನ್ರಿ ಗೌಡ್ರ? ನಮ್ಮಾಂವ ನಿಮ್ಮ ಚೆಂಡ ಹಿಡೀತಿದ್ನೇನ್ರಿ?"

ಗೋಡೆಯ ಮರೆಯಿಂದ ತಲೆಗಳು ಹೊರಬಂದವು. ಮಹಬೂಬ ಸುಮ್ಮನಿರುವವನಲ್ಲ, ಚೆಂಡನ್ನು ತಂದು ಗೌಡನ ಕಾಲಬುಡದಲ್ಲಿ ಇಟ್ಟ. "ನಿಮ್ದೂ ಒಂದು ಒದಿ ಅದರಿ. ಅಗಸಿ ಇದ್ದರ ನಾವ ಕೀಳ್ತೀವಿ. ಗೋಲ್ ಇದ್ದರ ಒದೀರಿ."

ಒದೆಯದೆ ಹೋಗಿದ್ದರೆ ಅವನೇ ಗೆಲ್ಲುತ್ತಿದ್ದ. ಆದರೆ ಕಾಲೇಜಿನ ಹಳೇ ಕಿಚ್ಚು ಇರಬೇಕು, ಎರಡು ಹೆಜ್ಜೆ ಹಿಂದೆ ಹೋಗಿ ಒದ್ದ. ಚೆಂಡು ನೇರ ಈರಮ್ಮನ ಹೊಟ್ಟೆಯ ಮಟ್ಟಕ್ಕೆ ಬಂತು. ಕಾಲುವೆಯಲ್ಲಿ ಸಾಲಾಗಿ ನಿಂತು, ಎಸೆದ ಮಣ್ಣಿನ ಬುಟ್ಟಿಗಳನ್ನು ದಿನವಿಡೀ ಹಿಡಿದ ಕೈ ಅದು. ಒಂದು ಹೆಜ್ಜೆ ಹಿಂದೆ ಸರಿದಳು, ಚೆಂಡು ಮಾತ್ರ ಹಸಿರು ತೋಳುಗಳೊಳಗೆ ಉಳಿಯಿತು. ಅವನು ಜೋರಾಗಿ ಒದೆಯಲಿಲ್ಲ ಎಂದು ತಿಮ್ಮಣ್ಣ ಇವತ್ತಿಗೂ ವಾದಿಸುತ್ತಾನೆ. ನಾನು ಒಪ್ಪುವುದಿಲ್ಲ, ಆ ಸದ್ದು ನಾನು ಕೇಳಿದ್ದೇನೆ. ಕೇರಿಯಲ್ಲಿ ಯಾರೋ ಹೆಂಗಸು ನಕ್ಕಳು, ಆಮೇಲೆ ಎಲ್ಲರೂ.

ಗೌಡ ಗಾಡಿ ಏರಿದ. "ಕೀಳಸ್ತೀನಿ" ಎಂದಷ್ಟೇ ಹೇಳಿ ಹೋದ. ನಗು ಅಲ್ಲಿಗೇ ನಿಂತಿತು.

ನಮಗೆ ಅರಕೇರಾದಿಂದ ಐದರ ಬಸ್ಸು ಹಿಡಿಯಬೇಕಿತ್ತು. ಆ ದಿನ ಉಳಿದುಬಿಡೋಣ, ಬಂದವರನ್ನು ನೋಡಿಕೊಳ್ಳೋಣ ಎಂದೆ ನಾನು. ಈರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇವತ್ತ್ ಇರ್ತೀರಿ, ನಾಳಿ ಇರ್ತೀರಿ. ಆಮ್ಯಾಲ? ನಾ ಮುಂಜಾನೆದ್ದು ಅವರ ಹೊಲಕ್ಕ ಜ್ವಾಳ ಕೊಯ್ಯಾಕ ಹೋಗಾಕಿ. ನೀವು ಹೋಗ್ರಿ."

"ಹಂಗಾರ ಕಿತ್ತು ಹಳ್ಳದ ಕಡಿ ಹಚ್ಚಿ ಹೋಗ್ತೀವಿ ಅತ್ತಿಗಿ. ನಿನಗ್ಯಾಕ ತ್ರಾಸು?" ಎಂದ ತಿಮ್ಮಣ್ಣ. ನಾವು ಮೆರೆದು ಹೋಗುತ್ತೇವೆ, ಅನುಭವಿಸುವವಳು ಅವಳು ಎಂಬುದು ನಮಗೆ ತಡವಾಗಿ ಹೊಳೆದಿತ್ತು.

"ಕೈ ಹಚ್ಚೀರಿ ಮತ್ತ!" ಎಂದಳು ಈರಮ್ಮ. "ಅವ ಇಪ್ಪತ್ತ್ ವರ್ಷ ರಾಯಚೂರಾಗ ಏನ್ ಮಾಡ್ತಿದ್ದಂತ ನನಗ ಇವತ್ತ್ ತಿಳೀತು. ಅವರು ಕಿತ್ತರ ಕೀಳ್ಲಿ. ಮತ್ತ ಹೂಳ್ತೀನಿ. ತಗ್ಗು ತೋಡೂದು ನನಗೇನ್ ಹೊಸಾದೇನ್ರಿ?"

ಚೆಂಡನ್ನೂ ವಾಪಸು ಕೊಡಲಿಲ್ಲ. ಬಂಡಿದಾರಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಹಸಿರಂಗಿಯ ಈರಮ್ಮ ಸೆರಗಿನಿಂದ ಕಂಬ ಒರೆಸುತ್ತಿದ್ದಳು. ಮೇಯಲು ಹೋದ ಎಮ್ಮೆಗಳು ಅಡ್ಡಕಂಬದ ಕೆಳಗೆ ಹಾದು ಕೇರಿಗೆ ಮರಳುತ್ತಿದ್ದವು.

ಆ ಬೇಸಿಗೆಯಲ್ಲಿ ಗೋಲು ಎರಡು ಸಲ ಬಿತ್ತು, ಎರಡು ಸಲವೂ ಮಧ್ಯಾಹ್ನದೊಳಗೆ ಎದ್ದಿತು ಎಂದು ಖಾಜಾ ಸಾಬರ ಬಸ್ಸಿನಲ್ಲಿ ಸುದ್ದಿ ಬಂತು. ಈರಮ್ಮನನ್ನು ದೊಡ್ಡ ಮನೆಯ ಹೊಲಕ್ಕೆ ಕರೆಯುವುದನ್ನು ನಿಲ್ಲಿಸಿದರಂತೆ. ಅವಳು ಮತ್ತೆ ಕಾಲುವೆ ಕೆಲಸಕ್ಕೆ ಹೋದಳಂತೆ. ರಾಯಚೂರಿನ ಮೈದಾನದಲ್ಲಿ ಗೋದಾಮು ಎದ್ದು ನಿಂತಿದೆ. ಈಗಲೂ ನಮ್ಮ ತಂಡಕ್ಕೆ ಆಡಲು ನೆಲವಿಲ್ಲ. ನಿಮ್ಮ ಗೋಲು ಎಲ್ಲಿ ಎಂದು ಯಾರಾದರೂ ಚುಚ್ಚಿ ಕೇಳಿದರೆ, ಮಾನ್ವಿ ಬಸ್ಸು ಹತ್ತಿ ಹೋಗಿ ನೋಡಿ, ಆದರೆ ಕೇಳಿ ಒಳಗೆ ಹೋಗಿ ಎನ್ನುತ್ತೇನೆ.